ದಸರಾಕ್ಕೆ ಸ್ಕ್ರ್ಯಾಚ್ ಕಾರ್ಡ್ ಆಫರ್: ಲಾಟರಿಯವರ ಲೆಕ್ಕ ಬಟ್ಟೆ ಅಂಗಡಿಗೆ ಹೊಂದುತ್ತಾ?

ವಿ.ವಿ. ರೋಡ್ ಕೌಂಟರ್ (ಮಂಡ್ಯ)

ಬಟ್ಟೆ ಅಂಗಡಿಗೆ ಕೇಳ್ತಿರೋದು. ನವರಾತ್ರಿ ಶುರುವಾದ ದಿನದಿಂದ ದೀಪಾವಳಿವರೆಗೆ ನಾಲ್ಕು ವಾರ ಸ್ಕ್ರ್ಯಾಚ್ ಕಾರ್ಡ್ ಕೊಡೋ ಯೋಚನೆ ಇದೆ. ಆ ನಾಲ್ಕು ವಾರದ ವ್ಯಾಪಾರದ ಅಂದಾಜು 40 ಲಕ್ಷ, ಸರಾಸರಿ ಬಿಲ್ 1,600 ರೂ. ಪ್ರಚಾರಕ್ಕೆ ಶೇ 2, ಅಂದ್ರೆ 80,000 ಇಟ್ಟಿದೆ. 2,000 ರೂ. ಖರೀದಿಗೆ ಒಂದು ಕಾರ್ಡ್ ಅಂತ 2,000 ಕಾರ್ಡ್ ಮಾಡಿಸೋಣ, ಒಂದೇ ಒಂದು ದೊಡ್ಡ ಬಹುಮಾನ ಬೈಕ್ ಇಡೋಣ ಅನ್ನೋದು ಮಾಲೀಕರ ಮಾತು.

ಅಮೆರಿಕದಲ್ಲಿ ಉಜ್ಜೋ ಟಿಕೆಟ್ ಸಿಕ್ಕಾಪಟ್ಟೆ ಮಾರಾಟ ಆಗುತ್ತಂತಲ್ಲ, ಅವರು ಏನು ಮಾಡ್ತಾರೆ, ಅದರಲ್ಲಿ ನಮಗೆ ಆಗೋದು ಯಾವುದು? ಪ್ರಿಂಟಿಂಗ್ ಎಲ್ಲಿ ಕೈಕೊಡುತ್ತೆ? ಕರ್ನಾಟಕದಲ್ಲಿ ಲಾಟರಿ ನಿಂತು ಎಷ್ಟೋ ವರ್ಷ ಆಯ್ತು, ಹಂಗಿರುವಾಗ ಇದು ಕಾನೂನಿಗೆ ಸಿಕ್ಕಿಹಾಕ್ಕೊಳ್ಳುತ್ತಾ? ತಿಳಿದೋರು ಹೇಳಿ.

ಮೂರು ಚಿತ್ರ ಒಂದೇ ಥರ

ಮೊದಲು ಬೈಕ್ ವಿಚಾರ, ಯಾಕಂದ್ರೆ ಇಡೀ ಲೆಕ್ಕ ಅಲ್ಲೇ ತಪ್ಪಿದೆ.

ಉಜ್ಜುವ ಲಾಟರಿ ಟಿಕೆಟ್ ಮೊದಲು ಬಂದದ್ದು 1974ರಲ್ಲಿ, ಅಮೆರಿಕದ ಮಸಾಚುಸೆಟ್ಸ್ ರಾಜ್ಯದಲ್ಲಿ. ಮಾಡಿದ್ದು ಸೈಂಟಿಫಿಕ್ ಗೇಮ್ಸ್ ಕಂಪನಿಯ ಜಾನ್ ಕೋಝಾ ಮತ್ತು ಡೇನಿಯಲ್ ಬೋವರ್. ಅದಕ್ಕೂ ಹಿಂದೆ ಟಿಕೆಟ್ ಕೊಂಡವರು ಡ್ರಾ ದಿನದವರೆಗೆ ಕಾಯಬೇಕಿತ್ತು. ಆ ಕಾಯುವಿಕೆಯನ್ನೇ ತೆಗೆದುಹಾಕಿದ್ದು ಇವರ ಕೆಲಸ. ಇವತ್ತು ಅಲ್ಲಿನ ರಾಜ್ಯ ಲಾಟರಿಗಳ ಮಾರಾಟದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇಂಥ ಟಿಕೆಟ್‌ಗಳದ್ದು. ಕೋಟಿಗಟ್ಟಲೆ ಜಾಕ್‌ಪಾಟ್ ಇರೋದು ಡ್ರಾ ಲಾಟರಿಯಲ್ಲಿ, ಆದರೆ ದಿನನಿತ್ಯದ ಗಲ್ಲಾ ತುಂಬಿಸೋದು ಇದು.

ಕಾರಣ ಸಣ್ಣ ಬಹುಮಾನಗಳ ಸಾಂದ್ರತೆ. ಸಾಮಾನ್ಯವಾಗಿ ಮೂರೂವರೆಯಿಂದ ನಾಲ್ಕೂವರೆ ಟಿಕೆಟ್‌ಗೆ ಒಂದು ಏನಾದರೂ ಗೆಲ್ಲುತ್ತೆ. ಅದರಲ್ಲಿ ಬಹಳಷ್ಟು ಕೊಟ್ಟ ದುಡ್ಡು ವಾಪಸ್ ಬರೋದು, ಇಲ್ಲಾ ಇನ್ನೊಂದು ಟಿಕೆಟ್ ಸಿಗೋದು. ಗೆದ್ದವರು ಹಣ ಜೇಬಿಗೆ ಹಾಕಿಕೊಳ್ಳದೆ ಅಲ್ಲೇ ಮತ್ತೊಂದು ಟಿಕೆಟ್ ತಗೋತಾರೆ. ಇದನ್ನು ಅದೃಷ್ಟದ ಪಾಡಿಗೆ ಬಿಡಲ್ಲ: ಪ್ರತಿ ಕಟ್ಟಿನಲ್ಲೂ ಇಂತಿಷ್ಟು ಸಣ್ಣ ಬಹುಮಾನ ಇದ್ದೇ ಇರಬೇಕು ಅಂತ ಮುದ್ರಣದ ಹಂತದಲ್ಲೇ ನಿಗದಿ ಮಾಡ್ತಾರೆ. ಇಲ್ಲದಿದ್ದರೆ ಒಂದು ಅಂಗಡಿಗೆ ಪೂರ್ತಿ ಬರಡು ಕಟ್ಟು ಹೋಗಿ, 'ಅಲ್ಲಿ ಏನೂ ಬರಲ್ಲ' ಅನ್ನೋ ಮಾತು ಊರೆಲ್ಲ ಹಬ್ಬುತ್ತೆ.

ಇನ್ನೊಂದು ಬದಲಾವಣೆ ಟಿಕೆಟ್ ಬೆಲೆಯದ್ದು. ಹಿಂದೆ 1 ಡಾಲರ್ ಟಿಕೆಟ್ ಮುಖ್ಯ, ಈಗ ಅದು ಬರೀ ಹೊಸಬರನ್ನು ಒಳಗೆ ಕರೆಯೋಕೆ. ಟೆಕ್ಸಾಸ್ 2007ರಲ್ಲಿ 50 ಡಾಲರ್‌ನದ್ದು ತಂತು, 2022ರಲ್ಲಿ 100 ಡಾಲರ್‌ನದ್ದು. ಬೆಲೆ ಏರಿದಂತೆ ವಾಪಸ್ ಕೊಡುವ ಪಾಲೂ ಏರುತ್ತೆ: 1 ಡಾಲರ್ ಟಿಕೆಟ್‌ನಲ್ಲಿ ನೂರಕ್ಕೆ ಅರವತ್ತರ ಆಸುಪಾಸು, 20-30 ಡಾಲರ್‌ನದ್ದರಲ್ಲಿ ಎಪ್ಪತ್ತೈದರ ಆಸುಪಾಸು. ಲಾಭದ ಶೇಕಡಾವಾರು ಕಮ್ಮಿ, ಮೊತ್ತ ಜಾಸ್ತಿ. ನಿಮಗೆ ಇದರಿಂದ ತಗೊಳ್ಳೋದು ಇಷ್ಟು: ಸರಾಸರಿ ಬಿಲ್ 1,600 ಇದ್ದಾಗ ಕಾರ್ಡಿನ ಮಿತಿ 2,000ಕ್ಕೆ ಇಟ್ಟಿರೋದು ಸರಿ. ಗಿರಾಕಿ ಇನ್ನೊಂದು ಪಂಚೆಯೋ ಲೆಗ್ಗಿನ್ಸೋ ಸೇರಿಸಿದರೆ ಮುಟ್ಟೋ ದೂರ. 3,000 ಇಟ್ಟರೆ ಪ್ರಯತ್ನವೇ ಮಾಡಲ್ಲ, 1,500 ಇಟ್ಟರೆ ಹೇಗೂ ಕೊಳ್ಳುತ್ತಿದ್ದವರಿಗೆ ಸುಮ್ಮನೆ ಹಂಚಿದಂಗೆ.

ಆದರೆ 2,000 ಕಾರ್ಡ್ ಬೇಡ. 40 ಲಕ್ಷವನ್ನು 2,000ದಿಂದ ಭಾಗಿಸಿದ್ದೀರಿ. 1,600ರ ಬಿಲ್‌ಗೆ ಸೊನ್ನೆ ಕಾರ್ಡ್, 3,900ಕ್ಕೂ ಒಂದೇ ಕಾರ್ಡ್. ಹಾಗಾಗಿ 1,500 ಸಾಕು, 100ರಂತೆ 15 ಕಟ್ಟು. ಪ್ರತಿ ಕಟ್ಟಿನಲ್ಲಿ:

40 ಕಾರ್ಡ್: 35 ರೂ. ಅಸಲಿನ ವಸ್ತು
9 ಕಾರ್ಡ್: 100 ರೂ.
1 ಕಾರ್ಡ್: 500 ರೂ.
ಮಿಕ್ಕ 50: 'ಧನ್ಯವಾದ'

ಕಟ್ಟಿಗೆ 1,400 + 900 + 500 = 2,800. ಹದಿನೈದು ಕಟ್ಟಿಗೆ 42,000. ಇದರ ಮೇಲೆ 4,000ದ ಮೂರು ಬಹುಮಾನ, 9,000ದ ಒಂದು. ಒಟ್ಟು 63,000. ಉಳಿದ 17,000ದಲ್ಲಿ ಮುದ್ರಣ, ಬೋರ್ಡು ಮುಗೀಬೇಕು. ಎರಡು ಕಾರ್ಡಿಗೊಂದು ಗೆಲ್ಲುತ್ತೆ. ಬೈಕ್ ಇಟ್ಟರೆ 80,000ವೂ ಅದಕ್ಕೇ ಹೋಗಿ 1,499 ಜನ ಖಾಲಿ ಕೈಲಿ ಮನೆಗೆ ಹೋಗ್ತಾರೆ.

ನಾಲ್ಕು ದೊಡ್ಡ ಬಹುಮಾನವನ್ನು ಒಂದೇ ಕಡೆ ಕಲಸಬೇಡಿ. ಮೊದಲ ದಿನವೇ 9,000ದ್ದು ಹೋದರೆ ಉಳಿದ ವಾರಗಳಲ್ಲಿ ಯಾರಿಗೂ ಹುಮ್ಮಸ್ಸಿರಲ್ಲ. ಅಮೆರಿಕದಲ್ಲೂ ಇದೇ ಪಾಡು. ದೊಡ್ಡ ಬಹುಮಾನ ಎಷ್ಟು ಉಳಿದಿದೆ ಅಂತ ಲಾಟರಿ ಸಂಸ್ಥೆಗಳು ತಮ್ಮ ವೆಬ್‌ಸೈಟಿನಲ್ಲಿ ಹಾಕುತ್ತವೆ, ಅದನ್ನು ನೋಡಿಕೊಂಡೇ ಕೊಳ್ಳೋ ಜನ ಇದ್ದಾರೆ. ನೀವು ಕಟ್ಟುಗಳನ್ನು 4, 4, 4, 3 ಅಂತ ನಾಲ್ಕು ವಾರಕ್ಕೆ ಹಂಚಿ, ಪ್ರತಿ ವಾರದ ಗುಂಪಿನಲ್ಲಿ ಒಂದು ಖಾಲಿ ಕಾರ್ಡಿನ ಬದಲು ಒಂದು ದೊಡ್ಡದು ಸೇರಿಸಿ. ಯಾವ ಕಟ್ಟಿನಲ್ಲಿ ಅನ್ನೋದು ಯಾರಿಗೂ ಗೊತ್ತಾಗಬಾರದು. ಒಂದು ವಾರದ ಕಟ್ಟು ಉಳಿದರೆ ಮುಂದಿನ ವಾರಕ್ಕೆ ಅದನ್ನೇ ಮೊದಲು ತೆಗೀರಿ.

ಆಟವನ್ನು ಜಾಣತನದ್ದು ಮಾಡಲು ಹೋಗಬೇಡಿ. 2007ರಲ್ಲಿ ಬ್ರಿಟನ್ನಿನ ಲಾಟರಿ ಕಂಪನಿ ಕ್ಯಾಮಲಾಟ್ 'ಕೂಲ್ ಕ್ಯಾಶ್' ಅಂತ ಒಂದು ಕಾರ್ಡ್ ಬಿಟ್ಟಿತ್ತು. ಕಾರ್ಡಿನಲ್ಲಿ ಕಾಣುವ ತಾಪಮಾನಕ್ಕಿಂತ ಕಮ್ಮಿ ಬಂದರೆ ಗೆಲುವು. ಮೈನಸ್ 6 ದೊಡ್ಡದೋ ಮೈನಸ್ 8 ದೊಡ್ಡದೋ ಅಂತ ಜನ ಕೌಂಟರಿನಲ್ಲಿ ಜಗಳಕ್ಕೆ ನಿಂತರು, ಕಾರ್ಡನ್ನೇ ಹಿಂದಕ್ಕೆ ತಗೋಬೇಕಾಯ್ತು. ಇಲ್ಲೂ ಮೂರು ನವಿಲು ಬಂದ್ರೆ ಗೆಲುವು ಅಂತ ಇಟ್ಟರೆ, ಎರಡು ಬಂದವರು 'ಎರಡು ಬಂದಿದ್ಯಲ್ಲ, ಏನಾದ್ರೂ ಕೊಡಿ' ಅಂತಾರೆ. ಉಜ್ಜಿ ತೆಗೆಯೋ ಸಿಲ್ವರ್ ಪದರದ ಕೆಳಗೆ ನೇರವಾಗಿ ವಸ್ತುವಿನ ಹೆಸರನ್ನೇ ಕನ್ನಡದಲ್ಲಿ ಬರೆಸಿ. (ನನ್ನ ಹ್ಯಾಂಡಲ್ ನೋಡಿ ನಗಬೇಡಿ.)

ಸ್ಕ್ವೀಜಿ_ಮೈಸೂರು

ಪ್ರಿಂಟಿಂಗ್ ಕಡೆಯಿಂದ.

ಕಾರ್ಡು 300 ಜಿಎಸ್‌ಎಂ ಆರ್ಟ್ ಕಾರ್ಡ್ (ದಪ್ಪನೆಯ ನುಣುಪು ಹಾಳೆ) ತಗೊಳ್ಳಿ. ಕೆಲಸದ ಕ್ರಮ: ಮೊದಲು ಪ್ರಿಂಟ್, ಆಮೇಲೆ ಗ್ಲಾಸಿ (ಹೊಳಪಿನ) ಲ್ಯಾಮಿನೇಷನ್ ಇಲ್ಲಾ ಯುವಿ ವಾರ್ನಿಷ್, ಅದರ ಮೇಲೆ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ (ಜಾಲರಿ ಮೂಲಕ ಶಾಯಿ ಹಾಯಿಸೋದು) ಸ್ಕ್ರ್ಯಾಚ್ ಸಿಲ್ವರ್ ಎರಡು ಕೋಟ್, ಪೂರ್ತಿ ಒಣಗಿದ ಮೇಲೆ ಕಟಿಂಗ್. ನಡುವಿನ ಈ ಹೊಳಪು ಪದರ ಬಿಟ್ಟರೆ ಸಿಲ್ವರ್ ಜೊತೆ ಅಕ್ಷರಾನೂ ಎದ್ದು ಬರುತ್ತೆ. ಡಿಜಿಟಲ್ ಪ್ರಿಂಟ್ ಆದ್ರೆ ಇನ್ನೂ ಕಷ್ಟ, ಟೋನರ್ ಪುಡಿ ಪುಡಿಯಾಗಿ ಬರುತ್ತೆ. ಮ್ಯಾಟ್ ಲ್ಯಾಮಿನೇಷನ್ ಬೇಡವೇ ಬೇಡ, ಸಿಲ್ವರ್ ಅದಕ್ಕೆ ಕಚ್ಚಿಕೊಂಡು ಕಾಯಿನ್‌ನಲ್ಲಿ ಉಜ್ಜಿದ್ರೂ ಕಪ್ಪಾಗುತ್ತೆ ಹೊರತು ಬಿಡಲ್ಲ.

ಮೊಬೈಲ್ ಟಾರ್ಚ್ ದೊಡ್ಡ ಶತ್ರು. ಹಿಂದುಗಡೆಯಿಂದ ಲೈಟ್ ಬಿಟ್ರೆ ತೆಳು ಕಾರ್ಡಿನಲ್ಲಿ ಅಕ್ಷರ ಕಾಣುತ್ತೆ. ಅದಕ್ಕೆ ಕಾರ್ಡಿನ ಹಿಂಬದಿ, ಬಹುಮಾನ ಬರೋ ಜಾಗದ ನೇರಕ್ಕೆ, ಗಟ್ಟಿ ಕಪ್ಪು ಬ್ಲಾಕ್ ಕೊಡಿ. ಬಹುಮಾನದ ಹೆಸರನ್ನ ದಪ್ಪ ಕಪ್ಪಲ್ಲಿ ಹಾಕದೆ ಬೂದು ಬಣ್ಣದಲ್ಲಿ ಹಾಕಿ, ಸುತ್ತ ಅದೇ ಬಣ್ಣದ ಗೀರು ಗೀರು ಪ್ಯಾಟರ್ನ್ ತುಂಬಿ. ಸಿಲ್ವರ್ ಮೇಲೂ ಒಂದು ಗಾಢ ಬಣ್ಣದ ಡಿಸೈನ್ ಹಾಕಿದ್ರೆ, ಯಾರಾದ್ರೂ ಪಿನ್ನಲ್ಲಿ ಸ್ವಲ್ಪ ಕೆರೆದು ನೋಡಿದ್ರೂ ಗೆರೆ ಮುರಿದಿರೋದು ಗೊತ್ತಾಗುತ್ತೆ.

'ಧನ್ಯವಾದ' ಉದ್ದ, 'ಮಿಕ್ಸಿ' ಗಿಡ್ಡ. ಅಕ್ಷರದ ಉದ್ದದಲ್ಲೇ ಗುಟ್ಟು ರಟ್ಟಾಗುತ್ತೆ. ಎಲ್ಲಾದಕ್ಕೂ ಒಂದೇ ಅಳತೆ ಬರೋ ಹಾಗೆ ಪದ ಆರಿಸಿ, ಸಾಲದಿದ್ರೆ ಎರಡೂ ಕಡೆ ಚುಕ್ಕಿ ತುಂಬಿ.

ಒದ್ದೆ ಇರುವಾಗ ಒಂದರ ಮೇಲೊಂದು ಜೋಡಿಸಿದ್ರೆ ಹಾಳೆಗಳು ಅಂಟಿಕೊಳ್ತವೆ. ಮಳೆಗಾಲದ ಕೊನೇಲಿ ಪ್ರೆಸ್ಸುಗಳು ಹಬ್ಬದ ಆರ್ಡರ್ ಅವಸರದಲ್ಲಿ ಮಾಡೋ ತಪ್ಪು ಇದೇ. ಸ್ಯಾಂಪಲ್ 10 ಕಾರ್ಡು ಕೇಳಿ, ಒಂದು ದಿನ ಬಿಟ್ಟು ನಾಣ್ಯದಲ್ಲೂ ಉಗುರಲ್ಲೂ ಉಜ್ಜಿ. ನಾಲ್ಕೈದು ಸಲಕ್ಕೆ ಪೂರ್ತಿ ಬಿಡಬೇಕು. ಬೆರಳು ಸವರಿದ ಮಾತ್ರಕ್ಕೇ ಬಿಟ್ರೆ ಒಪ್ಪಬೇಡಿ, ಕಟ್ಟು ತೆಗೆದು ಇಡೋದ್ರಲ್ಲೇ ಅರ್ಧ ಬಯಲಾಗಿರುತ್ತೆ.

1,500ಕ್ಕೆ ಸ್ಕ್ರೀನ್ ಬೇಡ ಅನ್ನಿಸಿದ್ರೆ ರೆಡಿಮೇಡ್ ಸಿಲ್ವರ್ ಸ್ಟಿಕ್ಕರ್ ಸಿಗುತ್ತೆ, ಕೈಯಲ್ಲಿ ಅಂಟಿಸಬಹುದು. ಅದರ ದೋಷ: ಬ್ಲೇಡಲ್ಲಿ ಅಂಚು ಎತ್ತಿ ನೋಡಿ ಮತ್ತೆ ಕೂರಿಸಬಹುದು. ಪರಿಹಾರ: ಅಂಗಡಿಯ ರಬ್ಬರ್ ಸ್ಟಾಂಪ್ ಅರ್ಧ ಸ್ಟಿಕ್ಕರ್ ಮೇಲೆ, ಅರ್ಧ ಕಾರ್ಡ್ ಮೇಲೆ ಬೀಳೋ ಹಾಗೆ ಹಾಕಿ. ಎತ್ತಿ ಕೂರಿಸಿದ್ರೆ ಸಾಲು ಕೂಡಲ್ಲ. ಆದ್ರೆ ಅಂಟಿಸೋ ಕೆಲಸ ಅಂಗಡಿ ಹುಡುಗರ ಕೈಗೆ ಕೊಡಬೇಡಿ, ಬಹುಮಾನ ನೋಡ್ಕೊಂಡೇ ಅಂಟಿಸ್ತಾರೆ.

ಮೂರು ಚಿತ್ರ ಒಂದೇ ಥರ

ಮೇಲಿನವರ ಮಾತಿಗೆ ಒಂದು ಸೇರಿಸ್ತೀನಿ. ಸಿಲ್ವರ್ ಎಷ್ಟೇ ಗಟ್ಟಿಯಿದ್ದರೂ ಹೊರಗೆ ಕಾಣೋ ಅಂಕಿಯೇ ಗುಟ್ಟು ಬಿಡಬಹುದು. 2003ರಲ್ಲಿ ಟೊರಾಂಟೊದ ಸಂಖ್ಯಾಶಾಸ್ತ್ರಜ್ಞ ಮೋಹನ್ ಶ್ರೀವಾಸ್ತವ ಒಂಟಾರಿಯೊ ಲಾಟರಿಯ ಟಿಕ್-ಟ್ಯಾಕ್-ಟೊ ಕಾರ್ಡನ್ನು ಉಜ್ಜದೆಯೇ ಓದಿದರು. ಹೊರಗೆ ಮುದ್ರಿಸಿದ್ದ ಸಂಖ್ಯೆಗಳಲ್ಲಿ ಇಡೀ ಕಾರ್ಡಿನಲ್ಲಿ ಒಂದೇ ಸಲ ಬಂದಿರುವಂಥವು ಒಂದೇ ಸಾಲಿನಲ್ಲಿ ಮೂರು ಸಿಕ್ಕರೆ ಅದು ಬಹುತೇಕ ಗೆಲ್ಲೋ ಕಾರ್ಡು. ಸಂಸ್ಥೆಗೆ ಕಳಿಸಿದ 20 ಕಾರ್ಡಿನಲ್ಲಿ 19ರ ಊಹೆ ಸರಿಯಾಗಿತ್ತು. ಆ ಆಟವನ್ನು ನಿಲ್ಲಿಸಿದರು.

ನಿಮ್ಮಲ್ಲಿ ಇದಕ್ಕೆ ಸಮನಾದದ್ದು ಸೀರಿಯಲ್ ನಂಬರ್. ಎಕ್ಸೆಲ್‌ನಲ್ಲಿ ಮೊದಲ 40 ಸಾಲು ಸಣ್ಣ ಬಹುಮಾನ, ಆಮೇಲೆ 9, ಆಮೇಲೆ 1 ಅಂತ ಪಟ್ಟಿ ಮಾಡಿ ಹಾಗೇ ಪ್ರೆಸ್ಸಿಗೆ ಕಳಿಸಿದರೆ, ಎರಡನೇ ಕಟ್ಟು ಮುಗಿಯೋ ಹೊತ್ತಿಗೆ ಕೌಂಟರಿನವರಿಗೆಲ್ಲ ಬಾಯಿಪಾಠ ಆಗಿರುತ್ತೆ. ಪ್ರತಿ ಕಟ್ಟಿನ 100 ಸಾಲಿನ ಪಕ್ಕ ರ್ಯಾಂಡ್ (RAND, ಮನಬಂದಂಥ ಸಂಖ್ಯೆ ಕೊಡೋ) ಫಾರ್ಮುಲಾ ಹಾಕಿ, ಬಂದ ಸಂಖ್ಯೆಗಳನ್ನು ಕಾಪಿ ಮಾಡಿ ವ್ಯಾಲ್ಯೂ ಆಗಿ ಪೇಸ್ಟ್ ಮಾಡಿ, ಆಮೇಲೆ ಸಾರ್ಟ್ ಮಾಡಿ, ಕೊನೆಗೆ ಸೀರಿಯಲ್ ಕೊಡಿ. ಪೇಸ್ಟ್ ಮಾಡದೆ ಬಿಟ್ಟರೆ ಫೈಲ್ ತೆರೆದಾಗಲೆಲ್ಲ ಅಂಕಿ ಬದಲಾಗುತ್ತೆ, ಯಾವ ಕ್ರಮದಲ್ಲಿ ಮುದ್ರಣ ಆಯ್ತು ಅನ್ನೋದಕ್ಕೆ ಪುರಾವೆ ಉಳಿಯಲ್ಲ.

ಲೆಡ್ಜರ್ ಪುಟ

ಕಾನೂನು ಮತ್ತು ತೆರಿಗೆಯ ಭಾಗ.

ಕರ್ನಾಟಕ 2007ರಲ್ಲಿ ಲಾಟರಿ ಮಾರಾಟ ನಿಷೇಧಿಸಿತು. ಅದಕ್ಕೆ ಬುಡ 1998ರ ಲಾಟರಿ ನಿಯಂತ್ರಣ ಕಾಯ್ದೆ: ಲಾಟರಿ ನಡೆಸುವ ಹಕ್ಕು ರಾಜ್ಯ ಸರ್ಕಾರಗಳದ್ದು ಮಾತ್ರ, ಬೇರೆ ರಾಜ್ಯದ ಟಿಕೆಟ್ ಮಾರಾಟವನ್ನು ತಡೆಯುವ ಅಧಿಕಾರವೂ ರಾಜ್ಯಕ್ಕಿದೆ. 2024ರ ಕೇರಳದ ತಿರುವೋಣಂ ಬಂಪರ್ ಮಂಡ್ಯ ಜಿಲ್ಲೆಗೆ ಬಂತಲ್ಲ, ಅದು ವಯನಾಡಿನಲ್ಲಿ ಕೊಂಡ ಟಿಕೆಟ್. ಅನುಮತಿಯಿಲ್ಲದೆ ಲಾಟರಿ ನಡೆಸುವ ಜಾಗ ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 297ರಲ್ಲಿ ಅಪರಾಧ, ಹಿಂದೆ ಐಪಿಸಿ 294ಎ ಇದ್ದದ್ದು.

ಅಂಗಡಿಯ ಕಾರ್ಡು ಲಾಟರಿ ಆಗದಿರಲು ಮುಖ್ಯವಾಗಿ ನೋಡಬೇಕಾದ್ದು: ಗಿರಾಕಿ ಅವಕಾಶಕ್ಕಾಗಿ ಪ್ರತ್ಯೇಕವಾಗಿ ಏನಾದರೂ ತೆರುತ್ತಿದ್ದಾರೆಯೇ? ಹಾರ್ಲಿಕ್ಸ್ ಬಾಟಲಿಯಲ್ಲಿ ಬಹುಮಾನದ ಚೀಟಿ ಇಟ್ಟ ಯೋಜನೆಯ ಬಗ್ಗೆ ಸುಪ್ರೀಂ ಕೋರ್ಟ್ 1998ರಲ್ಲಿ ಎಚ್‌ಎಂಎಂ ಲಿಮಿಟೆಡ್ ಪ್ರಕರಣದಲ್ಲಿ, ಡ್ರಾ ಇಲ್ಲ, ಭಾಗವಹಿಸಲು ಬೆಲೆ ಪಡೆದಿಲ್ಲ, ಹಾಗಾಗಿ ಇದು ಲಾಟರಿಯಲ್ಲ ಎಂದಿತು. ಆದ್ದರಿಂದ ಕಾರ್ಡಿಗೆ 10 ರೂ. ಅಂತ ವಸೂಲಿ ಮಾಡಬೇಡಿ, ಆಫರ್ ಅವಧಿಗೆ ಸೀರೆ ಬೆಲೆ ಏರಿಸಬೇಡಿ. ಬ್ಯಾನರಿನಲ್ಲಿ ಲಾಟರಿ ಎಂಬ ಪದವೇ ಬೇಡ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಸೆಕ್ಷನ್ 2(47) ಮಾರಾಟ ಹೆಚ್ಚಿಸಲು ಅದೃಷ್ಟದ ಆಟ ನಡೆಸುವುದನ್ನು ಅನುಚಿತ ವ್ಯಾಪಾರ ಪದ್ಧತಿಯ ಪಟ್ಟಿಯಲ್ಲೇ ಇಟ್ಟಿದೆ. ಬಹುಮಾನ ಯೋಜನೆ ಮುಗಿದ ಮೇಲೆ ಫಲಿತಾಂಶ ತಿಳಿಸದಿರುವುದೂ ಅದೇ ಪಟ್ಟಿಯಲ್ಲಿದೆ. ಹಾಗಾಗಿ ಮುದ್ರಣಕ್ಕೆ ಮೊದಲು ಷರತ್ತುಗಳ ಕರಡನ್ನು ನಿಮ್ಮ ವಕೀಲರಿಗೆ ತೋರಿಸಿ, ಮುಗಿದ ಮೇಲೆ ಗೆದ್ದ ಕಾರ್ಡುಗಳ ಸಂಖ್ಯೆ ಮತ್ತು ಬಹುಮಾನಗಳ ಪಟ್ಟಿಯನ್ನು ಅಂಗಡಿ ಬಾಗಿಲಿಗೆ ಅಂಟಿಸಿ.

ತಿಂಗಳಿಗೆ ಇಷ್ಟು ಕಟ್ಟಿ, ಪ್ರತಿ ತಿಂಗಳು ಒಬ್ಬರಿಗೆ ಬಹುಮಾನ, ಗೆದ್ದವರು ಮುಂದೆ ಕಟ್ಟಬೇಕಿಲ್ಲ ಎಂಬ ಲಕ್ಕಿ ಸ್ಕೀಮ್‌ಗೆ ಇದನ್ನು ಜೋಡಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಅದು 1978ರ ಪ್ರೈಜ್ ಚಿಟ್ ನಿಷೇಧ ಕಾಯ್ದೆಯೊಳಗೆ ಬರುತ್ತದೆ.

ತೆರಿಗೆ. ಒಂದು ಬಹುಮಾನ 10,000 ರೂ. ದಾಟಿದರೆ ಶೇ 30 ಟಿಡಿಎಸ್ (ಬಹುಮಾನ ಕೊಡುವವರೇ ಮೊದಲು ಕಡಿದು ಕಟ್ಟಬೇಕಾದ ತೆರಿಗೆ). ಹಳೇ ಕಾಯ್ದೆಯಲ್ಲಿ ಇದು 194ಬಿ, 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಿಂದಾಗಿ ಸೆಕ್ಷನ್ ಸಂಖ್ಯೆ ಬದಲು. ವಸ್ತು ರೂಪದ ಬಹುಮಾನವಾದರೆ ತೆರಿಗೆ ಕಟ್ಟಿದ ಮೇಲೆಯೇ ವಸ್ತು ಕೈಬಿಡಬೇಕು. 70,000ದ ಬೈಕ್ ಗೆದ್ದವರು 21,000 ತಂದುಕೊಡಬೇಕು, ಇಲ್ಲವೇ ಅಂಗಡಿಯೇ ಭರಿಸಬೇಕು. ಅಂಗಡಿ ಭರಿಸಿದರೆ ಆ ತೆರಿಗೆಯೂ ಬಹುಮಾನದ ಭಾಗವಾಗಿ ಲೆಕ್ಕ ಒಂದು ಲಕ್ಷದ ಮೇಲೆ ಕೂತು, ಕಟ್ಟುವುದು 30,000 ಆಗುತ್ತದೆ. ಮೇಲಿನವರು 9,000ಕ್ಕೆ ನಿಲ್ಲಿಸಿರುವುದು ಈ ಕಾರಣಕ್ಕೂ ಒಳ್ಳೆಯದು.

ಜಿಎಸ್‌ಟಿ: ಉಡುಗೊರೆಯಾಗಿ ಕೊಟ್ಟ ವಸ್ತುವಿನ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ಮುಂದೆ ಕಟ್ಟಬೇಕಾದ್ದರಿಂದ ಕಳೆಯುವ ಅವಕಾಶ) ಸಿಗುವುದಿಲ್ಲ, ಸೆಕ್ಷನ್ 17(5)(ಎಚ್). ಬಹುಮಾನದ ಬಜೆಟ್ ಅನ್ನು ತೆರಿಗೆ ಸೇರಿದ ಬೆಲೆಯಲ್ಲೇ ಹಾಕಿಕೊಳ್ಳಿ. 100 ಮತ್ತು 500ರ ಬಹುಮಾನವನ್ನು ವಸ್ತುವಿನ ಬದಲು ಮುಂದಿನ ಬಿಲ್‌ನಲ್ಲಿ ರಿಯಾಯಿತಿಯಾಗಿ ಕೊಟ್ಟು, ಅದನ್ನು ಆ ಬಿಲ್‌ನಲ್ಲೇ ತೋರಿಸಿದರೆ, ರಿಯಾಯಿತಿ ಕಳೆದ ಮೊತ್ತದ ಮೇಲೆ ಮಾತ್ರ ತೆರಿಗೆ.

ಸಕ್ರೆ ಬೀದಿ

ಎಲ್ಲಾ ಸರಿ ಕಣ್ರಪ್ಪ, ಕಳ್ಳತನ ಆಗೋದು ಕೌಂಟರಲ್ಲಿ. ಅದ್ನ ಯಾರೂ ಬರೀಲಿಲ್ಲ.

ಕ್ಯಾನ್ಸಲ್ ಬಿಲ್ ಒಂದು ದಾರಿ: ಬಿಲ್ ಹೊಡಿ, ಕಾರ್ಡ್ ಉಜ್ಜು, ಖಾಲಿ ಬಂದ್ರೆ ಬಿಲ್ ಕ್ಯಾನ್ಸಲ್. ದುಡ್ಡು ಬಂದು ಬಿಲ್ ಮುಗಿದ್ಮೇಲೇ ಕಾರ್ಡು. ಬಟ್ಟೆ ವಾಪಸ್ ತಂದ್ರೆ ಬಹುಮಾನಾನೂ ವಾಪಸ್ ಅಂತ ಕಾರ್ಡಿನ ಹಿಂದೆ ಅಚ್ಚು ಹಾಕ್ಸಿ. ಇನ್ನೊಂದು, ಗಿರಾಕಿ ಕೇಳ್ದೆ ಹೋದ ಕಾರ್ಡನ್ನ ಹುಡುಗ್ರು ಜೇಬಿಗಿಳಿಸೋದು. ಕಾರ್ಡ್ ನಂಬರ್ ಬಿಲ್ ಮೇಲೆ, ಬಿಲ್ ನಂಬರ್ ಕಾರ್ಡ್ ಮೇಲೆ. ರಾತ್ರಿ ಗಲ್ಲಾ ಲೆಕ್ಕ ಮಾಡೋವಾಗ ಕಟ್ಟಲ್ಲಿ ಉಳಿದಿದ್ದೂ ಎಣಿಸ್ಬೇಕು. ಒಂದು ಕಟ್ಟು ಮುಗೀದೆ ಇನ್ನೊಂದು ಬಿಚ್ಚಂಗಿಲ್ಲ. ಮಿಕ್ಕ ಕಟ್ಟು ಮಾಲೀಕರ ಬೀರುವಿನಲ್ಲಿ. ಮನೆಯವ್ರು, ಕೆಲ್ಸದವ್ರು, ಪ್ರೆಸ್ಸಿನವ್ರು ಆಫರಿಗೆ ಸೇರಲ್ಲ ಅಂತ ಬೋರ್ಡಲ್ಲೇ ಬರೀರಿ. ಮೊದಲನೇ ಮಿಕ್ಸಿ ಮಾಲೀಕರ ಭಾಮೈದನಿಗೆ ಬಂದ್ರೆ ಮುಗೀತು ಕಥೆ.

35 ರೂಪಾಯಿಗೆ ಪ್ಲಾಸ್ಟಿಕ್ ಡಬ್ಬಿ ಗಿಬ್ಬಿ ಬ್ಯಾಡ. ರವಿಕೆ ಕಣ ಕೊಡಿ. ನವರಾತ್ರೀಲಿ ಅರಿಶಿನ ಕುಂಕುಮಕ್ಕೆ ಕರೆದೋರಿಗೆ ಕೊಡೋಕೆ ಎಲ್ಲಾರ್ಗೂ ಬೇಕು, ನಿಮ್ಗೆ ಹೋಲ್‌ಸೇಲಲ್ಲಿ ಸಿಗುತ್ತೆ. ಬೀರುನಲ್ಲಿ ಕೊಳೆಯೋ ವಸ್ತು ಅಲ್ಲ.

ವಿ.ವಿ. ರೋಡ್ ಕೌಂಟರ್ (ಮಂಡ್ಯ)

ರವಿಕೆ ಕಣ ಖಾಯಂ. ಬೈಕ್ ಬೇಡ ಅಂತ ಟಿಡಿಎಸ್ ಲೆಕ್ಕ ತೋರಿಸಿದ ಮೇಲೆ ಮಾಲೀಕರೂ ಒಪ್ಪಿದ್ರು. ಇನ್ನೆರಡು ಪ್ರಶ್ನೆ: 6,000 ಬಿಲ್ ಮಾಡಿದೋರು ಮೂರು ಬಿಲ್ ಮಾಡಿ ಅಂತ ಕೇಳ್ತಾರೆ, ಏನ್ ಮಾಡೋದು? ಮತ್ತೆ ಫೋನಲ್ಲೇ ಉಜ್ಜೋ ಥರ ಕ್ಯೂಆರ್ ಮಾಡಿದ್ರೆ ಪ್ರಿಂಟಿಂಗ್ ತಲೆನೋವೇ ಇರಲ್ವಲ್ಲ?

ಮೂರು ಚಿತ್ರ ಒಂದೇ ಥರ

ಬಿಲ್ ಒಡೆಯೋ ಅಗತ್ಯ ಬರದ ಹಾಗೆ ನಿಯಮ ಬರೀರಿ: ಒಂದು ಬಿಲ್ಲಿನಲ್ಲಿ ಪ್ರತಿ 2,000ಕ್ಕೆ ಒಂದು ಕಾರ್ಡ್, ಗರಿಷ್ಠ 5. ಗರಿಷ್ಠ ಮಿತಿ ಇಲ್ಲದಿದ್ದರೆ ಮದುವೆ ಜವಳಿಗೆ ಬಂದ ಒಂದೇ ಮನೆಯವರು ಅರ್ಧ ಕಟ್ಟು ಖಾಲಿ ಮಾಡ್ತಾರೆ, ಹಿಂದೆ ನಿಂತವರು ಮುಖ ಕಿವಿಚ್ತಾರೆ.

ಫೋನಿನ ಸ್ಕ್ರ್ಯಾಚ್ ಕಾರ್ಡ್ ಜನರಿಗೆ ಹೊಸದಲ್ಲ. 2017ರ ಸೆಪ್ಟೆಂಬರಿನಲ್ಲಿ ಗೂಗಲ್ ತೇಜ್ ಬಂದಾಗಿಂದ, ಅಂದ್ರೆ ಈಗಿನ ಗೂಗಲ್ ಪೇ, ಎಲ್ಲರ ಬೆರಳೂ ಪಳಗಿದೆ. (ತಮಿಳುನಾಡಿನಲ್ಲಿ ಮಾತ್ರ ಅದು ಸಿಗಲ್ಲ, ಅಲ್ಲಿ 1979ರ ಬಹುಮಾನ ಯೋಜನೆ ನಿಷೇಧ ಕಾಯ್ದೆ ಇದೆ. ಹೊಸೂರಿನಲ್ಲಿ ಬ್ರಾಂಚ್ ಇದ್ದರೆ ಈ ಆಫರನ್ನು ಅಲ್ಲಿಗೆ ಒಯ್ಯಬೇಡಿ.) ಆದರೆ ನಾಲ್ಕು ವಾರದ ಆಫರಿಗೆ ನಾನು ಕಾಗದವನ್ನೇ ಆರಿಸ್ತೀನಿ. ಫೋನಿನಲ್ಲಿ ಉಜ್ಜಿದ್ದು ಉಜ್ಜಿದವರಿಗೆ ಮಾತ್ರ ಕಾಣುತ್ತೆ. ಕೌಂಟರಿನಲ್ಲಿ ಕಾರ್ಡ್ ಉಜ್ಜುವಾಗ ಕ್ಯೂನಲ್ಲಿರೋ ನಾಲ್ಕು ಜನ ಬಗ್ಗಿ ನೋಡ್ತಾರೆ, ರವಿಕೆ ಕಣ ಬಂದರೂ 'ಓ' ಅಂತಾರೆ. ಅಮೆರಿಕದ ಅಂಗಡಿಗಳು ಟಿಕೆಟ್‌ಗಳನ್ನು ಗಲ್ಲಾಪೆಟ್ಟಿಗೆ ಪಕ್ಕದ ಪಾರದರ್ಶಕ ಡಬ್ಬಿಗಳಲ್ಲಿ ಎಲ್ಲರ ಕಣ್ಣಿಗೆ ಬೀಳೋ ಹಾಗೆ ಇಡೋದು ಸುಮ್ಮನೆ ಅಲ್ಲ. ಉಜ್ಜೋ ಜಾಗ ಬಿಲ್ಲಿಂಗ್ ಟೇಬಲ್ ಪಕ್ಕದಲ್ಲೇ ಇರಲಿ, ಒಂದು ನಾಣ್ಯವನ್ನು ದಾರ ಕಟ್ಟಿ ಇಡಿ, ಕೆಳಗೆ ಒಂದು ತಟ್ಟೆ. ಸಿಲ್ವರ್ ಪುಡಿ ಹೊಸ ಬಿಳಿ ಪಂಚೆ ಮೇಲೆ ಬಿದ್ದರೆ ಕೊಡವಿದಷ್ಟೂ ಹರಡುತ್ತೆ.

ಸ್ಕ್ವೀಜಿ_ಮೈಸೂರು

ಕಾರ್ಡಿನ ಹಿಂದೆ ಎರಡು ಸಾಲು ಮರೀಬೇಡಿ: 'ಬಹುಮಾನ ಪಡೆಯಲು ಯಾವ ಹಣವನ್ನೂ ಕಟ್ಟಬೇಕಿಲ್ಲ' ಮತ್ತು 'ಬಹುಮಾನ ಅಂಗಡಿಯಲ್ಲಿ ಮಾತ್ರ'. ಆನ್‌ಲೈನ್ ಕಂಪನಿಗಳ ಹೆಸರಲ್ಲಿ ಹಳ್ಳಿ ವಿಳಾಸಗಳಿಗೆ ಪೋಸ್ಟಲ್ಲಿ ಸ್ಕ್ರ್ಯಾಚ್ ಕಾರ್ಡ್ ಕಳಿಸಿ, ಕಾರು ಬಂದಿದೆ, ಮೊದಲು ಜಿಎಸ್‌ಟಿ ಕಟ್ಟಿ ಅಂತ ದುಡ್ಡು ಎಳೆಯೋ ಮೋಸ ನಡೀತಿದೆ. ನಿಮ್ಮ ಕಾರ್ಡಿನ ಫೋಟೋ ಹಿಡ್ಕೊಂಡು ಅದೇ ಆಟ ಆಡೋರು ಬಂದ್ರೆ ಈ ಎರಡು ಸಾಲು ಕಾಪಾಡುತ್ತೆ. ಯಾರಾದ್ರೂ ದುಡ್ಡು ಕಳ್ಕೊಂಡು ನಿಮ್ಮ ಹತ್ರ ಬಂದ್ರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಗೆ ಫೋನ್ ಮಾಡಿಸಿ. ಮತ್ತೆ ಗೆದ್ದವರಿಗೆ ವಾಟ್ಸಾಪ್ ನಂಬರ್ ಕೊಡೋ ಡಿಸೈನ್ ತಂದ್ರೆ ಪ್ರೆಸ್ಸಲ್ಲೇ ತೆಗೆಸಿ.

ಆರ್ಡರ್ ಈಗಲೇ ಕೊಡಿ. ಮಹಾಲಯ ಅಮಾವಾಸ್ಯೆ ಹತ್ರ ಬಂದು 'ನಾಳೆ ಬೇಕು' ಅಂದ್ರೆ ಸಿಲ್ವರ್ ಒಂದೇ ಕೋಟ್ ಬೀಳುತ್ತೆ.